ಉತ್ತರ ಕನ್ನಡದ ಅರಣ್ಯ ನಕಾಶೆಗಳು: ಒಂದು ವಿಮರ್ಶೆ

ಶಾಸನವೊಂದು ದೊರೆತರೆ ಅದನ್ನು ಯಾರು, ಯಾವ ಉದ್ದೇಶದಿಂದ ಬರೆಯಿಸಿದರೆಂದು ನಾವು ವಿಚಾರಿಸುತ್ತೇವೆ. ನಕಾಶೆಯನ್ನು ಮಾತ್ರ ನಿಷ್ಪಕ್ಷಪಾತಿಯಾದ ಸಾಕ್ಷಿಯೆಂದು ಒಪ್ಪಿಬಿಡುತ್ತೇವೆ. ಉತ್ತರ ಕನ್ನಡದ ಘಟ್ಟಸೀಮೆಯ ಹಳೆಯ ನಕಾಶೆಗಳಲ್ಲಿ ಕಾಡೆಂದು ಗುರುತಿಸಿದ ಎಡೆಗಳೆಲ್ಲ ನಿರ್ಜನವಾದ ಅನಾದಿ ಅರಣ್ಯವೆಂದು ಭಾವಿಸುವ ರೂಢಿ ಇದರ ಫಲ. ಈ ರೂಢಿಯು ಪರಿಶೀಲನಾರ್ಹವಾಗಿದೆ.

ನಕಾಶೆಗಳ ಗುಣವನ್ನು ಮೊದಲು ಹೇಳಬೇಕು. 1799ರಲ್ಲಿ ಕಂಪೆನಿಯ ವಶವಾದ ಕೆನರಾದ ಉತ್ತರಭಾಗವು 1862ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಕಾಳೀ ನದಿಯ ಕೊಳ್ಳದ ಸಾಗುವಾನಿಯೇ ಈ ಸೀಮೆಯ ಮುಖ್ಯ ಆಕರ್ಷಣೆ. ಭಾರತ ಸರ್ಕಾರವು 1872ರಲ್ಲಿ ಅರಣ್ಯ ಮೋಜಣಿಗೆಂದೇ ಪ್ರತ್ಯೇಕ ಶಾಖೆಯನ್ನು ಸ್ಥಾಪಿಸಿತು. ಸಾಮಾನ್ಯ ನಕಾಶೆಗೆ ಮೈಲಿಗೆ 1 ಅಂಗುಲದ ಪ್ರಮಾಣ ಸಾಕಾಗಿದ್ದರೆ, ಅರಣ್ಯ ನಕಾಶೆಗಳಲ್ಲಿ 4 ಅಂಗುಲದ ಪ್ರಮಾಣ ರೂಢಿಗೆ ಬಂದಿತು. ದಟ್ಟವಾದ ಕಾಡಿನಲ್ಲಿ ದೃಷ್ಟಿರೇಖೆ ದೊರೆಯುವುದು ದುಸ್ತರ. ಆದರೂ ಹಳ್ಳ, ದಿಣ್ಣೆ, ದಾರಿಗಳ ನಿರೂಪಣೆಯಲ್ಲಿ ಮೋಜಣಿದಾರರು ತೋರಿದ ಶ್ರದ್ಧೆ ಮೆಚ್ಚತಕ್ಕದ್ದೇ.

ಆದರೆ ಅಳೆದುದು ಯಾವುದು, ಅಳೆಯದೆ ಬಿಟ್ಟುದು ಯಾವುದು ಎಂಬುದೇ ನಮ್ಮ ಪ್ರಶ್ನೆ. ಕುಮರಿ ಬೇಸಾಯಗಾರರು ಕಾಡನ್ನು ಕಡಿದು ಸುಟ್ಟು, ಒಂದೆರಡು ಬೆಳೆ ತೆಗೆದು, ಆ ನೆಲವನ್ನು ಹಲವು ವರ್ಷ ಬೀಳುಬಿಡುತ್ತಿದ್ದರು. ಒಂದು ಋತುವಿನಲ್ಲಿ ಬಂದು ಹೋಗುವ ಮೋಜಣಿದಾರನ ಕಣ್ಣಿಗೆ ಆ ಬೀಳು ಕುರುಚಲು ಕಾಡು. ಸರದಿಯ ಮೇಲೆ ಮರಳಿ ಬಿತ್ತುವವನಿಗೆ ಅದೇ ಹೊಲ. ಸ್ಥಿರವಾದ ರೇಖೆಯು ಸಂಚರಿಸುವ ಹೊಲವನ್ನು ಹಿಡಿಯಲಾರದು. 1878ರ ಅರಣ್ಯ ಕಾಯಿದೆಯು ಕಾಡನ್ನು ವರ್ಗೀಕರಿಸಿ, ಮೀಸಲು ಅರಣ್ಯದ ಎಲ್ಲೆಗೆ ಶಾಸನಬಲವನ್ನು ಕೊಟ್ಟಿತು. ಆಗ ನಕಾಶೆಯಲ್ಲಿ ಕಾಣದ ಹೊಲವು ಹಕ್ಕಿನ ವಿಚಾರದಲ್ಲಿಯೂ ಕಾಣದಾಗುವ ಸಂಭವ ಒದಗಿತು.

ಅಡಕೆ ತೋಟಗಳ ಸೊಪ್ಪಿನ ಬೆಟ್ಟಗಳ ಗತಿ ಬೇರೆ. ಘಟ್ಟದ ಮೇಲೆ ತೋಟದ ಎಕರೆಯೊಂದಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ವ್ಯವಸ್ಥೆ ದಾಖಲೆಗೆ ಸೇರಿತು. ತೋಟ ಕದಲುವುದಿಲ್ಲ, ಅದನ್ನು ಅಳೆಯಬಹುದು, ಅದಕ್ಕೆ ಕಂದಾಯವನ್ನು ಕಟ್ಟಬಹುದು. ಕುಮರಿಗೆ ಆ ಸೌಲಭ್ಯವಿರಲಿಲ್ಲ. ಎರಡೂ ಕಾಡನ್ನು ಅವಲಂಬಿಸಿದ ಕೃಷಿಗಳೇ ಆದರೂ ಒಂದು ಹಕ್ಕೆನಿಸಿತು, ಇನ್ನೊಂದು ಅಪರಾಧವೆನಿಸಿತು.

ಹಾಗೆಂದು ನಕಾಶೆಯನ್ನು ತಳ್ಳಿಹಾಕುವುದು ಸಲ್ಲದು. ಕಾಡಿನ ನಡುವೆ ಅಚ್ಚಾಗಿರುವ ‘ಗದ್ದೆ’, ‘ಕೊಪ್ಪ’, ‘ಹಕ್ಕಲು’ಗಳಿಂದ ಕೊನೆಗೊಳ್ಳುವ ಹೆಸರುಗಳು ನಿರ್ಜನತೆಯ ವಾದಕ್ಕೆ ನಕಾಶೆಯೇ ನುಡಿಯುವ ಪ್ರತಿಸಾಕ್ಷ್ಯ. ಕಾಳಿಯ ಅಣೆಕಟ್ಟಿನ ಜಲಾಶಯದಲ್ಲಿ ಮುಳುಗಿಹೋದ ಸೂಪಾ ಊರು ಇಂದಿಗೂ ಹಳೆಯ ಹಾಳೆಗಳಲ್ಲಿ ತನ್ನ ಸ್ಥಾನದಲ್ಲಿದೆ. ಆದುದರಿಂದ ನಕಾಶೆಯನ್ನು ಸ್ಥಳನಾಮ, ಕಂದಾಯದ ಕಡತ, ಹಕ್ಕುಪತ್ರಗಳೊಡನೆ ಹೋಲಿಸಿ ಓದಬೇಕು. ಹಾಗೆ ಓದದಿದ್ದರೆ, ಅರಣ್ಯಾಧಿಕಾರಿಯು ಎಳೆದ ಎಲ್ಲೆಯನ್ನೇ ನಾವು ಚರಿತ್ರೆಯ ಎಲ್ಲೆಯಾಗಿ ಮಾಡಿಕೊಂಡಂತಾಗುತ್ತದೆ.