ನಲವತ್ತು ಪುಟದ ಎಕನಾಮಿಕ್ಸ್

ಅಮೆರಿಕನ್ ಎಕನಾಮಿಕ್ ರಿವ್ಯೂ ಅನ್ನೋ ಪತ್ರಿಕೆ 2008ರಲ್ಲಿ ಒಂದು ನಿಯಮ ತಂತು: ಕಳಿಸೋ ಪ್ರಬಂಧ 40 ಪುಟ ದಾಟಬಾರದು. ಎಕನಾಮಿಕ್ಸ್ ಓದಿದವರು ಜೀವನದಲ್ಲಿ ಒಮ್ಮೆಯಾದರೂ ಅದರಲ್ಲಿ ಹೆಸರು ಬರಲಿ ಅಂತ ಹರಕೆ ಹೊರುವಂಥ ಪತ್ರಿಕೆ ಅದು. ಮರುವರ್ಷ ಯುರೋಪಿಯನ್ ಎಕನಾಮಿಕ್ ಅಸೋಸಿಯೇಷನ್ನಿನ ಪತ್ರಿಕೆಯೂ ಇದೇ ನಿಯಮ ಹಾಕಿಕೊಂಡಿತು. ಎಕನಾಮಿಸ್ಟುಗಳು ಸುಮ್ಮನೆ ಇರ್ತಾರಾ? ಡೇವಿಡ್ ಕಾರ್ಡ್ (2021ರಲ್ಲಿ ನೊಬೆಲ್ ಬಂತಲ್ಲ, ಅವರೇ) ಮತ್ತು ಸ್ಟೆಫಾನೊ ಡೆಲ್ಲಾವಿನ್ಯಾ ಸೇರಿ ಈ ನಿಯಮದ ಮೇಲೇ ಒಂದು ಪ್ರಬಂಧ ಬರೆದರು. 2014ರಲ್ಲಿ ಅಚ್ಚಾಯಿತು.

ಅವರಿಗೆ ಸಿಕ್ಕಿದ್ದು ಮಜವಾಗಿದೆ. ಯುರೋಪಿನ ಪತ್ರಿಕೆಗೆ ಬರಬೇಕಿದ್ದ ಉದ್ದನೆಯ ಪ್ರಬಂಧಗಳು ಬೇರೆ ಪತ್ರಿಕೆಗಳ ದಾರಿ ಹಿಡಿದವು. ಅಮೆರಿಕದ್ದಕ್ಕೆ ಬರುವ ಪ್ರಬಂಧಗಳ ಹರಿವು ಮಾತ್ರ ಬದಲಾಗಲೇ ಇಲ್ಲ. ಲೇಖಕರು ಒಂದಷ್ಟು ನಿಜವಾಗಿ ಮೊಟಕು ಮಾಡಿದರು, ಇನ್ನೊಂದಷ್ಟು ಫಾರ್ಮ್ಯಾಟ್ ಬದಲಿಸಿ ಪುಟ ಇಳಿಸಿದರು. ಅಂಚು ಒತ್ತಿ, ಸಾಲುಗಳ ನಡುವಿನ ಜಾಗ ಹಿಂಡಿ ಪುಟ ಇಳಿಸೋ ವಿದ್ಯೆ ಪ್ರಾಜೆಕ್ಟ್ ರಿಪೋರ್ಟ್ ಬರೆದ ನಮ್ಮ ಯಾವ ಬಿಇ ಹುಡುಗನಿಗೆ ಗೊತ್ತಿಲ್ಲ? ಕಾರ್ಡ್ ಜೋಡಿಯ ತೀರ್ಮಾನ: ಅಮೆರಿಕನ್ ಎಕನಾಮಿಕ್ ರಿವ್ಯೂಗೆ ಏಕಸ್ವಾಮ್ಯದ ಬಲ ಇದೆ. ಅದು ಏನು ಕೇಳಿದರೂ ಜನ ಮಾಡ್ತಾರೆ.

ಒಳ್ಳೆಯ ಪ್ರಬಂಧ, ಓದಿಸಿಕೊಂಡು ಹೋಗುತ್ತೆ. ಆದರೆ ಅದರ ಪ್ರಶ್ನೆ ಪತ್ರಿಕೆಯ ಬಲದ ಬಗ್ಗೆ. ನನ್ನ ಪ್ರಶ್ನೆ ಇನ್ನೂ ಕೆಳಗಿನದು: ಪುಟ ಇಳಿಸೋಕೆ ರಾತ್ರಿ ಕೂತವರು ಯಾರು? ದೊಡ್ಡ ಪ್ರೊಫೆಸರಿಗೆ ಸಂಬಳದ ಸಹಾಯಕರಿರ್ತಾರೆ. ಉಳಿದವರ ಪಾಡು? 2019ರಲ್ಲಿ ಪ್ಲಾಸ್ ವನ್ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ, ಒಂದು ಪ್ರಬಂಧದ ಫಾರ್ಮ್ಯಾಟಿಂಗಿಗೆ 14 ಗಂಟೆ, ಒಬ್ಬೊಬ್ಬರಿಗೆ ವರ್ಷಕ್ಕೆ 52 ಗಂಟೆ ಹೋಗುತ್ತೆ ಅಂದಿದೆ. ಅದು ಎಕನಾಮಿಕ್ಸಿನವರನ್ನಷ್ಟೇ ಕೇಳಿದ್ದಲ್ಲ, ಆದರೂ ಕಣ್ಣಾರೆ ಕಂಡ ನನಗೆ 14 ಕಮ್ಮಿಯೇ ಅನ್ನಿಸ್ತು.

ಕಂಡಿದ್ದು ನಮ್ಮ ಚಿಕ್ಕಪ್ಪನ ಮಗಳ ವಿಷಯದಲ್ಲಿ. ಬೋರ್‌ವೆಲ್ ಇದ್ದವರು ಪಕ್ಕದ ಹೊಲದವರಿಗೆ ನೀರು ಮಾರೋದರ ಬಗ್ಗೆ ಅವಳ ಸಂಶೋಧನೆ. ಕೆಂಪು ಬಸ್ಸಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಜಗಲಿ ಮೇಲೆ ಕೂತು, ರೈತರು ಹೇಳಿದ ಲೆಕ್ಕ ಬರೆದುಕೊಂಡು ಬಂದವಳು. 'ಅಣ್ಣಾ, ನಿಂಗೆ ಲೇಟೆಕ್ ಬರುತ್ತಲ್ಲ, ಸ್ವಲ್ಪ ನೋಡ್ಕೊಡು' ಅಂದಳು. ಸ್ವಲ್ಪ ಅಂದಿದ್ದು ಮೂರು ರಾತ್ರಿ ಆಯ್ತು. ವರ್ಡ್‌ನಲ್ಲಿದ್ದ 11 ಟೇಬಲ್ಲುಗಳನ್ನು ಪತ್ರಿಕೆಯ ಟೆಂಪ್ಲೇಟಿಗೆ ತುಂಬಿದರೆ ಕೊನೆಯ ಎರಡು ಕಾಲಂ ಪುಟದಾಚೆಗೆ ಜಾರಿ ಬಿದ್ದವು. ಜೆಇಎಲ್ ಕೋಡ್ ಬೇರೆ ಬೇಕು. ನೀರಾವರಿ ಅಂತ ಕ್ಯೂ15 ಹಾಕೋದಾ, ನೀರು ಅಂತ ಕ್ಯೂ25 ಹಾಕೋದಾ? ಎರಡೂ ಹಾಕಿದೆವು.

ಹೆಸರಿನ ಕಾಲಂ ಹತ್ತಿರ ಬಂದಾಗ ಇಬ್ಬರೂ ನಿಂತೆವು. ಲಾಸ್ಟ್ ನೇಮ್ ಕಡ್ಡಾಯ. ಅವಳಿಗಿರೋದು ಎರಡು ಇನಿಷಿಯಲ್ಲು, ಒಂದು ಊರಿಂದು, ಒಂದು ಅಪ್ಪಂದು. ಎಕನಾಮಿಕ್ಸಿನಲ್ಲಿ ಲೇಖಕರ ಹೆಸರುಗಳನ್ನು ಉಪನಾಮದ ಅಕ್ಷರಾನುಕ್ರಮದಲ್ಲಿ ಜೋಡಿಸೋದು ರೂಢಿ. ಅಮೆರಿಕದ ಮೇಲ್ಮಟ್ಟದ ಎಕನಾಮಿಕ್ಸ್ ವಿಭಾಗಗಳಲ್ಲಿ ಉಪನಾಮ ಅಕ್ಷರಮಾಲೆಯ ಮೊದಲಿಗಿದ್ದವರಿಗೆ ಕಾಯಂ ಹುದ್ದೆ ಸಿಗೋ ಸಾಧ್ಯತೆ ಹೆಚ್ಚು ಅಂತ 2006ರಲ್ಲಿ ಐನಾವ್ ಮತ್ತು ಯಾರಿವ್ ಅನ್ನೋರು ತೋರಿಸಿದ್ದಾರೆ. (ಇಬ್ಬರ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆದು ನೋಡಿ, ಒಬ್ಬರದು ಇ, ಇನ್ನೊಬ್ಬರದು ವೈ.) ನಮ್ಮೂರು ವೈನಿಂದ ಶುರುವಾಗುತ್ತೆ, ಚಿಕ್ಕಪ್ಪ ಬಿಯಿಂದ. ಚಿಕ್ಕಪ್ಪನ್ನೇ ಹಾಕು ಅಂದೆ.

ಕಳಿಸಿದ ಆರನೇ ದಿನಕ್ಕೆ ವಾಪಸ್ ಬಂತು. ನಮ್ಮ ಪತ್ರಿಕೆಯ ವ್ಯಾಪ್ತಿಗೆ ಸೇರೋದಿಲ್ಲ, ಅಷ್ಟೇ. ಪ್ರಬಂಧ ವಿಮರ್ಶಕರ ಕೈಗೇ ಹೋಗಿಲ್ಲ. ವ್ಯಾಪ್ತಿಗೆ ಸೇರುತ್ತೋ ಇಲ್ಲವೋ ಅಂತ ಹೇಳೋಕೆ ಶೀರ್ಷಿಕೆ, ಸಾರಾಂಶ ಸಾಕಿತ್ತಲ್ಲ ಮಾರಾಯ್ರೆ! ಎರಡನೇ ಪತ್ರಿಕೆಗೆ ಟೆಂಪ್ಲೇಟ್ ಬೇರೆ, ಉಲ್ಲೇಖದ ಶೈಲಿ ಬೇರೆ. ಅಲ್ಲಿ ಲೇಖಕರ ಪೂರ್ತಿ ಹೆಸರು ಬೇಕಿತ್ತು, ಇಲ್ಲಿ ಇನಿಷಿಯಲ್ ಸಾಕು.

ನಾನು ಶಿಸ್ತಿನ ವಿರೋಧಿ ಅಲ್ಲ. ನಮ್ಮ ಆಫೀಸಲ್ಲೂ ಸ್ಪೇಸ್ ತಪ್ಪಿದ ಕೋಡ್ ಮುಂದಕ್ಕೆ ಹೋಗಲ್ಲ. ಆದರೆ ಅದನ್ನು ಸರಿಮಾಡೋಕೆ ಒಂದು ಟೂಲ್ ಇದೆ, ಎರಡು ಸೆಕೆಂಡಿನ ಕೆಲಸ. ಪತ್ರಿಕೆಗಳಿಗೂ ಇದು ಸಾಧ್ಯವಿಲ್ಲದ್ದೇನಲ್ಲ. ಎಲ್ಸೆವಿಯರ್‌ನ ಎಷ್ಟೋ ಪತ್ರಿಕೆಗಳು ಮೊದಲ ಸಲ ನಿಮ್ಮಿಷ್ಟದ ರೂಪದಲ್ಲೇ ಕಳಿಸಿ ಅಂತ ಹೇಳ್ತವೆ. ಮತ್ತೆ, ಎಲ್ಲ ನಿಯಮವೂ ಬರೀ ಶಾಸ್ತ್ರ ಅಂತಲೂ ನಾನು ಹೇಳಲ್ಲ. ಅಮೆರಿಕನ್ ಎಕನಾಮಿಕ್ ರಿವ್ಯೂ ತನ್ನ ಟೇಬಲ್ಲುಗಳಲ್ಲಿ ನಕ್ಷತ್ರ ಹಾಕಬೇಡಿ, ಸ್ಟ್ಯಾಂಡರ್ಡ್ ಎರರ್ ಕೊಡಿ ಅನ್ನುತ್ತೆ. ಮೂರು ನಕ್ಷತ್ರ ಕಂಡ ಕೂಡಲೇ ಸತ್ಯ ಸಿಕ್ತು ಅಂತ ಓದುಗ ಹಿಗ್ಗೋದು ಇದರಿಂದ ತಪ್ಪುತ್ತೆ. ಅಂಥ ನಿಯಮ ಇನ್ನೂ ಹತ್ತು ಬರಲಿ.

ನನ್ನ ತಕರಾರು ಬಿಗಿ ಎಲ್ಲಿರಬೇಕು ಅನ್ನೋದರ ಬಗ್ಗೆ. 2010ರಲ್ಲಿ ಇದೇ ಪತ್ರಿಕೆಯ ಸಮ್ಮೇಳನ ಸಂಚಿಕೆಯಲ್ಲಿ ರೈನ್‌ಹಾರ್ಟ್ ಮತ್ತು ರೋಗಾಫ್ ಅವರ ಪ್ರಬಂಧ ಬಂತು. ಸರ್ಕಾರದ ಸಾಲ ಜಿಡಿಪಿಯ 90% ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1% ಅಂತ ಅದರ ಲೆಕ್ಕ. ಖರ್ಚು ಕಡಿತ ಮಾಡಬೇಕು ಅನ್ನೋ ರಾಜಕಾರಣಿಗಳು ಅದನ್ನು ಎತ್ತಿ ಹಿಡಿದು ಓಡಾಡಿದರು. 2013ರಲ್ಲಿ ಮ್ಯಾಸಚೂಸೆಟ್ಸ್‌ನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಆ ಎಕ್ಸೆಲ್ ಫೈಲ್ ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರದಲ್ಲಿ 5 ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಅದನ್ನೂ, ಇನ್ನೆರಡು ತಕರಾರುಗಳನ್ನೂ ಸರಿಪಡಿಸಿದಾಗ ಅವನಿಗೆ, ಅವನ ಇಬ್ಬರು ಪ್ರೊಫೆಸರುಗಳಿಗೆ ಸಿಕ್ಕಿದ್ದು 2.2%. ಅಚ್ಚಾದ ಪುಟ ತೆಗೆದು ನೋಡಿ, ಟೇಬಲ್ಲು, ಅಡಿಟಿಪ್ಪಣಿ ಎಲ್ಲ ನೀಟಾಗಿದೆ.

ಈಗ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ದತ್ತಾಂಶಕ್ಕೇ ಒಬ್ಬ ಸಂಪಾದಕರನ್ನು ಇಟ್ಟುಕೊಂಡಿದೆ. ಕೋಡು, ದತ್ತಾಂಶ, ಏನನ್ನು ಯಾವ ಕ್ರಮದಲ್ಲಿ ಓಡಿಸಬೇಕು ಅನ್ನೋ ರೀಡ್‌ಮಿ ಫೈಲು, ಎಲ್ಲ ಕೊಡಬೇಕು. ಅಚ್ಚಿಗೆ ಮುಂಚೆ ಅವರ ಕಡೆಯವರು ಪರಿಶೀಲಿಸ್ತಾರೆ. ಅದೂ ಪ್ರಬಂಧ ಒಪ್ಪಿಗೆಯ ಹಂತಕ್ಕೆ ಬಂದ ಮೇಲೆ. ಈ ಕಿರಿಕಿರಿಗೆ ನಾನು ಖುಷಿಯಿಂದ ರಾತ್ರಿ ಕೂರ್ತೀನಿ.

ತಂಗಿಯ ಪ್ರಬಂಧ ಈಗ ಮೂರನೇ ಪತ್ರಿಕೆಯಲ್ಲಿದೆ. ಬೋರ್‌ವೆಲ್ ಲೆಕ್ಕದ ಫೈಲನ್ನು ಮೂವರಲ್ಲಿ ಒಬ್ಬರೂ ಕೇಳಿಲ್ಲ. ಉಲ್ಲೇಖದಲ್ಲಿ ವರ್ಷದ ಪಕ್ಕ ಇರೋ ಅಲ್ಪವಿರಾಮ ತೆಗೀರಿ ಅಂತ ಮೊನ್ನೆ ಮೇಲ್ ಬಂದಿದೆ.