ಬಿಟ್ಟಿ ಜಾಗದ ಲೆಕ್ಕ

ನಾಗರಬಾವಿಯಲ್ಲಿ ನಾನೀಗ ಇರುವ ಮನೆಯ ಬಾಡಿಗೆ ಕರಾರಿನಲ್ಲಿ ಒಂದು ಸಾಲಿದೆ: ಹಾಲು, ಒಂದು ಕೋಣೆ, ಅಡುಗೆಮನೆ, ಬಚ್ಚಲು ‘ಹಾಗೂ ಒಂದು ಕಾರ್ ಪಾರ್ಕಿಂಗ್’. ನನಗೆ ಕಾರಿಲ್ಲ, ಸ್ಕೂಟರೂ ಇಲ್ಲ. ಆ ಜಾಗ ಬೇಡ, ಬಾಡಿಗೆಯಲ್ಲಿ ಅಷ್ಟು ಕಡಿಮೆ ಮಾಡಿ ಎಂದು ಮನೆ ಓನರನ್ನು ಕೇಳಿದೆ. ‘ಅದು ಮನೆ ಜೊತೆಗೇ ಬರುತ್ತೆ ಕಣಮ್ಮ, ಬೇರೆ ಮಾಡೋಕಾಗಲ್ಲ’ ಅಂದರು. ಸರಿ, ಹೇಗೂ ನನ್ನದೇ ಅಲ್ಲವೇ ಎಂದು ಕೋಣೆಯಲ್ಲಿ ಹಿಡಿಸದ ಆರು ಪೆಟ್ಟಿಗೆ ಪುಸ್ತಕಗಳನ್ನು ಕೆಳಗೆ ನನ್ನ ಪಾಲಿನ ಚೌಕದಲ್ಲಿ ಇಟ್ಟೆ. ಮಾರನೆಯ ಬೆಳಿಗ್ಗೆ ವಾಚ್‌ಮನ್ ಬಾಗಿಲು ತಟ್ಟಿದ. ‘ಮೇಡಂ, ಅಲ್ಲಿ ಗಾಡಿ ಮಾತ್ರ ನಿಲ್ಲಿಸ್ಬೇಕಂತೆ. ತೆಗೀರಿ ಅಂತಿದಾರೆ.’ ಪುಸ್ತಕಗಳು ಮತ್ತೆ ಮೇಲೆ ಬಂದವು. ಅವು ಈಗ ಮಂಚದ ಕೆಳಗಿವೆ. ಮಂಚದ ಕೆಳಗೆ ಹಿಡಿಸದ ಎರಡು ಪೆಟ್ಟಿಗೆಗಳ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನನ್ನ ಸಂಶೋಧನೆ ಕನ್ನಡ ಕಾದಂಬರಿಗಳಲ್ಲಿ ಮನೆ ಎಂಬುದರ ಬಗ್ಗೆ. ಜಗುಲಿ, ನಡುಮನೆ, ಅಟ್ಟ, ಹಿತ್ತಿಲು. ಕಥೆಗಾರರು ಈ ಜಾಗಗಳಿಗೆ ಯಾರನ್ನು ಬಿಟ್ಟುಕೊಂಡರು, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಿದರು ಎಂದು ನೋಡುತ್ತಾ ನಾಲ್ಕು ವರ್ಷ ಕಳೆದಿದ್ದೇನೆ. ಬೆಂಗಳೂರಿನಲ್ಲಿ ಜಗುಲಿ ಇದ್ದ ಕಡೆ ಈಗ ಕಾರಿದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದು ಜನರ ಆಸೆಯಿಂದ, ಬದಲಾದ ಅಭಿರುಚಿಯಿಂದ ಆದದ್ದು ಎಂದು ನಾನು ನಂಬಿದ್ದೆ. ಒಂದು ಅಧ್ಯಾಯದ ಕರಡಿನಲ್ಲಿ ಹಾಗೆಯೇ ಬರೆದೂ ಇದ್ದೆ. ಡೊನಾಲ್ಡ್ ಶೂಪ್ ಅವರ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಓದಿದ ಮೇಲೆ ಆ ಎರಡು ಪುಟಗಳನ್ನು ಹೊಡೆದುಹಾಕಬೇಕಾಯಿತು.

ಶೂಪ್ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆ ಕಲಿಸುತ್ತಿದ್ದ ಅರ್ಥಶಾಸ್ತ್ರಜ್ಞ. 1938ರಲ್ಲಿ ಹುಟ್ಟಿದವರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಕಾರುಗಳ ರಾಜಧಾನಿಯಂತಿರುವ ಊರಿನಲ್ಲಿ ಸೈಕಲ್ ತುಳಿದು ಕಾಲೇಜಿಗೆ ಹೋಗುತ್ತಿದ್ದರು. 2005ರಲ್ಲಿ ಬಂದ ಅವರ ಈ ಪುಸ್ತಕ 700 ಪುಟ ದಾಟುತ್ತದೆ. ಕಾರು ನಿಲ್ಲಿಸುವುದರ ಬಗ್ಗೆ 700 ಪುಟವೇ ಎಂದು ಯಾರಾದರೂ ನಗಬಹುದು. ನಗುವಿಗೆ ಪುಸ್ತಕದಲ್ಲಿ ಬೇಕಾದಷ್ಟು ಜಾಗವಿದೆ.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಪಟ್ಟಿಗಳು. ಅಮೆರಿಕದ ಊರುಗಳ ಕಟ್ಟಡ ನಿಯಮಗಳಲ್ಲಿ ಯಾವ ಕಟ್ಟಡ ಕಟ್ಟಿದರೂ ಕನಿಷ್ಠ ಇಷ್ಟು ಕಾರಿಗೆ ಜಾಗ ಬಿಡಲೇಬೇಕೆಂಬ ಕಡ್ಡಾಯವಿದೆ. ಶೂಪ್ ಅವುಗಳನ್ನು ಹೆಕ್ಕಿ ತಂದು ಸುಮ್ಮನೆ ಓದುಗರ ಮುಂದಿಡುತ್ತಾರೆ. ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಹತ್ತು ಸನ್ಯಾಸಿನಿಯರಿಗೆ ಒಂದು ಕಾರಿನ ಜಾಗ. ಈಜುಕೊಳಕ್ಕೆ 2,500 ಗ್ಯಾಲನ್ ನೀರಿಗೆ ಒಂದು. ಸಮಾಧಿ ಭವನವಾದರೆ ಒಂದು ಗಂಟೆಯಲ್ಲಿ ಗರಿಷ್ಠ ಎಷ್ಟು ಶವಸಂಸ್ಕಾರ ನಡೆಯಬಹುದೋ ಅದರ ಹತ್ತರಷ್ಟು. ವ್ಯಂಗ್ಯದ ಒಂದು ಮಾತನ್ನೂ ಸೇರಿಸಬೇಕಾಗಿಲ್ಲ. ಸರ್ಕಾರಿ ಭಾಷೆಯೇ ತನ್ನ ಅಣಕವನ್ನು ಬರೆದುಕೊಂಡಿದೆ. ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದ ಶೂಪ್‌ಗೆ ಸಿಕ್ಕುವುದು ಎಂಜಿನಿಯರುಗಳ ಒಂದು ಕೈಪಿಡಿ. ಅದರಲ್ಲಿ 18 ಫಾಸ್ಟ್‌ಫುಡ್ ಹೋಟೆಲುಗಳ ಸಮೀಕ್ಷೆಯಿದೆ. ಸಾವಿರ ಚದರ ಅಡಿಗೆ 9.95 ಕಾರಿನ ಜಾಗ ಬೇಕು ಎಂದು ಅದು ಹೇಳುತ್ತದೆ. ಹತ್ತು ಅಲ್ಲ, 9.95. ಅದೇ ಪುಟದಲ್ಲಿ ಹೋಟೆಲಿನ ಅಳತೆಗೂ ಕಾರುಗಳ ಸಂಖ್ಯೆಗೂ ಇರುವ ಸಂಬಂಧವನ್ನು ಅಳೆಯುವ ಅಂಕಿಯೂ ಇದೆ: 0.038. ಎಂದರೆ ಸಂಬಂಧ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದಶಮಾಂಶದ ನಂತರದ ಎರಡು ಅಂಕಿಗಳಿಗೆ ಎಂಥ ಶಕ್ತಿಯಿದೆಯೆಂದು ಅಲಂಕಾರಶಾಸ್ತ್ರ ಓದಿದವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಕೆಲಸ ಮಾಡುತ್ತಿರುವುದು ಗಣಿತವಲ್ಲ, ಉತ್ಪ್ರೇಕ್ಷೆ.

ಇದರ ಒಳಗಿನ ಸುತ್ತು ಹೀಗಿದೆ. ಬಸ್ಸಿಲ್ಲದ, ಕಾರು ನಿಲ್ಲಿಸಲು ದುಡ್ಡು ಕೊಡಬೇಕಾಗಿಲ್ಲದ ಹೊರವಲಯದ ಕಟ್ಟಡವೊಂದರಲ್ಲಿ ಅತಿ ಹೆಚ್ಚು ಜನಸಂದಣಿಯ ಹೊತ್ತಿನಲ್ಲಿ ಕಾರುಗಳನ್ನು ಎಣಿಸುತ್ತಾರೆ. ಬಂದ ಸಂಖ್ಯೆ ಎಲ್ಲ ಕಟ್ಟಡಗಳಿಗೂ ಕಾನೂನಾಗುತ್ತದೆ. ಕಟ್ಟುವವರು ಅಷ್ಟು ಜಾಗ ಬಿಡುತ್ತಾರೆ. ಜಾಗ ಧಾರಾಳವಾಗಿರುವುದರಿಂದ ಅದಕ್ಕೆ ಬೆಲೆಯಿಲ್ಲದಾಗುತ್ತದೆ, ಕಟ್ಟಡಗಳು ಒಂದಕ್ಕೊಂದು ದೂರವಾಗುತ್ತವೆ, ಎಲ್ಲರೂ ಕಾರಿನಲ್ಲೇ ಬರುತ್ತಾರೆ. ಆಮೇಲೆ ಮತ್ತೆ ಬಂದು ಎಣಿಸುತ್ತಾರೆ.

ಒಹಾಯೋದ ಕೊಲಂಬಸ್ ನಗರ 1923ರಲ್ಲೇ ಅಪಾರ್ಟ್‌ಮೆಂಟುಗಳಿಗೆ ಇಂಥ ನಿಯಮ ಮಾಡಿತ್ತು. ಅದರ ಫಲ ಏನೆಂದು ಅಳೆಯಲು ಸಿಗುವುದು ಓಕ್ಲೆಂಡ್ ನಗರದ ಉದಾಹರಣೆ. 1961ರಲ್ಲಿ ಅಲ್ಲಿ ಪ್ರತಿ ಮನೆಗೆ ಒಂದು ಕಾರಿನ ಜಾಗ ಕಡ್ಡಾಯವಾಯಿತು. ನಂತರ ಕಟ್ಟಿದ ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದು ಮನೆ ಕಟ್ಟುವ ಖರ್ಚು ಶೇ. 18ರಷ್ಟು ಏರಿತು, ಒಂದು ಎಕರೆಯಲ್ಲಿ ಏಳುವ ಮನೆಗಳ ಸಂಖ್ಯೆ ಶೇ. 30ರಷ್ಟು ಇಳಿಯಿತು. ಯಾರೂ ಜಗುಲಿಯನ್ನು ಬೇಡವೆಂದಿರಲಿಲ್ಲ. ನಕ್ಷೆಗೆ ಅನುಮತಿ ಸಿಗಬೇಕಾದರೆ ನೆಲದ ಮಟ್ಟದಲ್ಲಿ ಮೊದಲು ಕಾರನ್ನು ಕೂರಿಸಬೇಕಿತ್ತು. ನಾನು ಅಭಿರುಚಿ ಎಂದು ಓದಿದ್ದು ಒಂದು ಬೈಲಾ ಆಗಿತ್ತು.

ಬೆಂಗಳೂರಿನ ಕಟ್ಟಡ ನಿಯಮಗಳಲ್ಲೂ ಇಂಥ ಪಟ್ಟಿಯಿದೆ: ಮನೆಗಿಷ್ಟು, ಆಫೀಸಿಗಿಷ್ಟು, ಆಸ್ಪತ್ರೆಗಿಷ್ಟು. ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಸೈಟಿನ ಅಳತೆಗೆ ತಕ್ಕಂತೆ ಒಟ್ಟು ಎಷ್ಟು ಕಟ್ಟಬಹುದು ಎಂಬ ಮಿತಿಯ ಲೆಕ್ಕಕ್ಕೆ ಕೋಣೆಗಳು ಬರುತ್ತವೆ, ಕಾರು ನಿಲ್ಲುವ ಅಂತಸ್ತು ಬರುವುದಿಲ್ಲ. ಮನುಷ್ಯರಿಗೆ ಮಿತಿ, ಕಾರಿಗೆ ವಿನಾಯಿತಿ. ಎಷ್ಟು ಜಾಗದ ವಿನಾಯಿತಿ? ದೆಹಲಿಯ 2021ರ ಮಾಸ್ಟರ್ ಪ್ಲಾನ್ ಇದನ್ನು ಬಿಡಿಸಿ ಹೇಳಿದೆ: ಓಡಾಡುವ ದಾರಿಯೂ ಸೇರಿ ಒಂದು ಕಾರಿಗೆ ಬಯಲಿನಲ್ಲಿ 23 ಚದರ ಮೀಟರ್, ನೆಲಮಟ್ಟದ ಸೂರಿನಡಿ 28, ಬೇಸ್‌ಮೆಂಟಿನಲ್ಲಿ 32. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ಹಿಂದುಳಿದ ಕುಟುಂಬಕ್ಕೆ ನಗರದಲ್ಲಿ ಕಟ್ಟಿಕೊಡುತ್ತಿದ್ದ ಮನೆಯ ಒಳಗಿನ ಅಳತೆ 30 ಚದರ ಮೀಟರಿನವರೆಗೆ ಇತ್ತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡ ದಿನ ಮತ್ತೇನೂ ಓದಲಾಗಲಿಲ್ಲ.

ಪುಸ್ತಕದ ಹೆಸರನ್ನು ಕನ್ನಡಕ್ಕೆ ತರುವುದು ಹೇಗೆ? ‘ಉಚಿತ’ ಎಂದರೆ ಸರ್ಕಾರಿ ಜಾಹೀರಾತಿನ ವಾಸನೆ. ‘ಪುಕ್ಕಟೆ’ ಹತ್ತಿರ ಬರುತ್ತದೆ. ನನಗೆ ಸರಿಯೆನಿಸಿದ್ದು ‘ಬಿಟ್ಟಿ’. ಇಂಗ್ಲಿಷಿನ ‘ಫ್ರೀ’ ಪಡೆಯುವವರ ಕಡೆಯಿಂದ ನೋಡುವ ಪದ. ಅದರಲ್ಲಿ ಬಿಡುಗಡೆಯ ಅರ್ಥವೂ ಬೆರೆತು ಒಂದು ಸೊಗಸು ಬಂದಿದೆ. ನಮ್ಮ ‘ಬಿಟ್ಟಿ’ಗೆ ಎರಡು ಮುಖ. ಬಿಟ್ಟಿ ಊಟ ಎಂದರೆ ದುಡ್ಡು ಕೊಡದೆ ಉಂಡದ್ದು. ಬಿಟ್ಟಿ ಚಾಕರಿ ಎಂದರೆ ಕೂಲಿಯಿಲ್ಲದೆ ದುಡಿದದ್ದು. ಒಬ್ಬರು ಬಿಟ್ಟಿ ಪಡೆದಿದ್ದಾರೆಂದರೆ ಇನ್ನೊಬ್ಬರು ಬಿಟ್ಟಿ ಕೊಟ್ಟಿದ್ದಾರೆ ಎಂಬುದು ಆ ಪದದೊಳಗೇ ಇದೆ. ಶೂಪ್ ನೂರಾರು ಪುಟಗಳಲ್ಲಿ ಸಾಧಿಸಿ ತೋರಿಸುವುದೂ ಇದನ್ನೇ. ಅಂಗಡಿಯ ಮುಂದೆ ಬಿಟ್ಟಿಯಾಗಿ ನಿಂತ ಕಾರಿನ ನೆಲದ ಬೆಲೆ ಸಾಮಾನಿನ ಬೆಲೆಯಲ್ಲಿ, ಮನೆ ಬಾಡಿಗೆಯಲ್ಲಿ, ಸಿನಿಮಾ ಟಿಕೆಟಿನಲ್ಲಿ ಸೇರಿಕೊಂಡಿರುತ್ತದೆ. ನಡೆದು ಬಂದವರೂ ಅದನ್ನು ಕೊಡುತ್ತಾರೆ. ಮಂಚದ ಕೆಳಗೆ ಪುಸ್ತಕ ಇಟ್ಟುಕೊಂಡವಳೂ ಕೊಡುತ್ತಾಳೆ.

ಶೂಪ್ ಸೂಚಿಸುವ ಪರಿಹಾರ ಮೂರು ಮಾತಿನದು. ಕಟ್ಟಡಗಳ ಮೇಲಿನ ಕನಿಷ್ಠ ಪಾರ್ಕಿಂಗ್ ಕಡ್ಡಾಯವನ್ನು ತೆಗೆಯಿರಿ. ರಸ್ತೆಬದಿಯ ಜಾಗಕ್ಕೆ, ಯಾವಾಗ ಬಂದರೂ ಒಂದೆರಡು ಜಾಗ ಖಾಲಿ ಸಿಗುವಷ್ಟು, ಸರಿಯಾದ ಬೆಲೆ ಇಡಿ. ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಿ. ಎರಡನೆಯದು ಏಕೆ ಬೇಕೆಂದು ತೋರಿಸಲು ಅವರು ತಮ್ಮ ವಿಶ್ವವಿದ್ಯಾಲಯದ ಪಕ್ಕದ ವೆಸ್ಟ್‌ವುಡ್ ಬಡಾವಣೆಯಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಬಹುಪಾಲು ಸೈಕಲ್ಲಿನಲ್ಲೇ, ಜಾಗ ಹುಡುಕುತ್ತಾ ಸುತ್ತಿದರು. ಖಾಲಿ ಜಾಗ ಸಿಗಲು ಸರಾಸರಿ 3.3 ನಿಮಿಷ, ಸುಮಾರು 800 ಮೀಟರ್ ಸುತ್ತಾಟ. ಕೇಳಲು ಏನೂ ಅಲ್ಲ. ಆದರೆ ಆ 15 ಬ್ಲಾಕುಗಳಲ್ಲಿ ವರ್ಷದ ಒಟ್ಟು ಸುತ್ತಾಟ 9,50,000 ಮೈಲಿ. ಭೂಮಿಗೆ 38 ಸುತ್ತು ಬಂದಷ್ಟು. ಎಲ್ಲಿಗೂ ಹೋಗಲಾರದ ಪ್ರಯಾಣ ಅದು, ಈಗಾಗಲೇ ತಲುಪಿಯಾದವರದು.

ಮೂರನೆಯದಕ್ಕೆ ಸಾಕ್ಷಿ ಹಳೆ ಪ್ಯಾಸಡಿನಾ. ಪಾಳುಬಿದ್ದಂತಿದ್ದ ಆ ಪೇಟೆಯಲ್ಲಿ ಮೀಟರ್ ಹಾಕಲು ಅಂಗಡಿಯವರು ಒಪ್ಪಿರಲಿಲ್ಲ. ಗಿರಾಕಿಗಳು ಬರುವುದಿಲ್ಲ ಎಂಬುದು ಅವರ ಭಯ. ಮೀಟರಿನ ಹಣ ಅಲ್ಲಿಯೇ ಖರ್ಚಾಗುತ್ತದೆ ಎಂದು ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಗಂಟೆಗೆ ಒಂದು ಡಾಲರಿನ ಮೀಟರುಗಳು ಬಂದವು. ಆ ಹಣದಲ್ಲಿ ಕಾಲುದಾರಿಗಳು, ದೀಪಗಳು, ಬೆಂಚುಗಳು ಬಂದವು, ಕಸದ ಸಂದಿಗಳು ಜನ ಓಡಾಡುವ ಓಣಿಗಳಾದವು. ಶೂಪ್ ಅವರ ಗದ್ಯ ಇಲ್ಲಿ ಮೊದಲ ಬಾರಿಗೆ ಬೆಚ್ಚಗಾಗುತ್ತದೆ. ನೆಲದ ಬೆಲೆ ಸಮುದಾಯದಿಂದ ಹುಟ್ಟುತ್ತದೆ, ಸಮುದಾಯಕ್ಕೇ ಮರಳಬೇಕು ಎಂದ ಹತ್ತೊಂಬತ್ತನೆಯ ಶತಮಾನದ ಹೆನ್ರಿ ಜಾರ್ಜ್‌ನ ಅನುಯಾಯಿ ಅವರು. ಅಂಕಿಗಳ ಹಿಂದಿರುವ ನಂಬಿಕೆ ಈ ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಪುಸ್ತಕದಲ್ಲಿ ಕುಂದಿಲ್ಲದಿಲ್ಲ. ಹೇಳಿದ್ದನ್ನೇ ಹೇಳುವ ಚಟ ಶೂಪ್‌ಗಿದೆ. ಒಂದು ರೂಪಕ ಸಾಲದೆ ಟಾಲೆಮಿಯ ಖಗೋಳಶಾಸ್ತ್ರವನ್ನು ಎಳೆತರುತ್ತಾರೆ, ಅದಕ್ಕೇ ಒಂದು ಅಧ್ಯಾಯ ಕೊಡುತ್ತಾರೆ. ನಗರದ ದಟ್ಟಣೆಯಲ್ಲಿ ಸರಾಸರಿ ಶೇ. 30ರಷ್ಟು ಕಾರುಗಳು ಜಾಗ ಹುಡುಕುತ್ತಿರುವಂಥವು ಎಂಬ ಅವರ ಅಂಕಿ ಈಗ ಎಲ್ಲ ಭಾಷಣಗಳಲ್ಲೂ ಸಿಗುತ್ತದೆ. ಅದು ಬೇರೆ ಬೇರೆ ಊರು, ಬೇರೆ ಬೇರೆ ದಶಕಗಳ ಅಧ್ಯಯನಗಳ ಸರಾಸರಿ. ಸುತ್ತಾಟ ಹೆಚ್ಚಿದೆ ಎನಿಸಿದ ಕಡೆಯೇ ಸಂಶೋಧಕರು ಅಳೆದದ್ದು. ಈ ಮಿತಿಯನ್ನು ಶೂಪ್ ಅವರೇ ಹೇಳಿದ್ದರು. ಆದರೆ 9.95ನ್ನು ಗೇಲಿ ಮಾಡಿದ ಪುಸ್ತಕದಿಂದಲೇ ಇನ್ನೊಂದು ಮಂತ್ರಸಂಖ್ಯೆ ಹುಟ್ಟಿತು.

ನನ್ನ ನಿಜವಾದ ತಕರಾರು ಬೇರೆ. ಶೂಪ್ ಅವರ ರಸ್ತೆಯಂಚಿನಲ್ಲಿ ಎರಡೇ ಪಾತ್ರಗಳು: ನಿಂತ ಕಾರು ಮತ್ತು ನಿಲ್ಲಲು ಬಯಸುವ ಕಾರು. ಅವರ ಲಾಸ್ ಏಂಜಲೀಸ್‌ನಲ್ಲಿ ಕಥೆ ನಡೆಯಲು ಅಷ್ಟು ಸಾಕು. ನಮ್ಮಲ್ಲಿ ಆ ಅಂಚಿನಲ್ಲಿ ಹೂವಿನ ಬುಟ್ಟಿ, ಎಳನೀರು, ಚಪ್ಪಲಿ ಹೊಲಿಯುವವರು, ತಳ್ಳುಗಾಡಿ ಎಲ್ಲ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯವನ್ನು ರಕ್ಷಿಸಬೇಕೆನ್ನುತ್ತದೆ. ಪ್ರತಿ ಊರಿಗೂ ಮಾರಾಟ ಸಮಿತಿ ಇರಬೇಕೆನ್ನುತ್ತದೆ. ಬೆಂಗಳೂರಿನ ಪಾರ್ಕಿಂಗ್ ನೀತಿ 2.0, ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪಿಸಿದ್ದು, ಬಿಟ್ಟಿಯಿಂದ ಬೆಲೆಯ ಕಡೆಗೆ ಹೋಗಬೇಕೆಂದು ಶೂಪ್ ಮಾತನ್ನೇ ಹೇಳುತ್ತದೆ. ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಲು ಚಿಕ್ಕ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000 ಎಂಬ ಪರ್ಮಿಟ್ ದರವನ್ನೂ ಸೂಚಿಸಿತ್ತು. ಚಿಕ್ಕ ಕಾರಿಗೆ ದಿನಕ್ಕೆ ಮೂರು ರೂಪಾಯಿಯೂ ಆಗಲಿಲ್ಲ. ದುಡ್ಡಿಗಿಂತ ನನಗೆ ಆತಂಕ ಪರ್ಮಿಟ್ ಎಂಬ ಕಾಗದದ್ದು. ಇಲ್ಲಿಯವರೆಗೆ ಕಾರು ಅಲ್ಲಿ ಸುಮ್ಮನೆ ನಿಂತಿತ್ತು. ಕಾಗದ ಬಂದ ಮೇಲೆ ಹಕ್ಕಿನಿಂದ ನಿಲ್ಲುತ್ತದೆ.

ಜಪಾನಿನಲ್ಲಿ 1962ರಿಂದ ಕಾನೂನಿದೆ: ಮನೆಯ ಸಮೀಪದಲ್ಲಿ, ರಸ್ತೆಯ ಆಚೆಗೆ, ಸ್ವಂತ ಜಾಗವಿದೆಯೆಂದು ತೋರಿಸದೆ ಕಾರು ನೋಂದಣಿಯಾಗದು. ಅಮೆರಿಕ ಭಾರವನ್ನು ಕಟ್ಟಡದ ಮೇಲೆ, ಆ ಮೂಲಕ ಎಲ್ಲರ ಮೇಲೆ ಹೊರಿಸಿತು. ಜಪಾನ್ ಕಾರು ಕೊಂಡವರ ಮೇಲೆ ಹೊರಿಸಿತು. ಈ ಮಾತು ಕರ್ನಾಟಕದಲ್ಲೂ ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಶೂಪ್ ಓದಿದ ಮೇಲೂ ನನ್ನ ಒಲವು ಅದರ ಕಡೆಗೇ, ಆದರೆ ಕಟ್ಟಡದ ಕಡ್ಡಾಯವನ್ನು ಮೊದಲು ತೆಗೆದರೆ ಮಾತ್ರ. ಬಫಲೋ ನಗರ 2017ರಲ್ಲಿ ತೆಗೆಯಿತು, ಮೆಕ್ಸಿಕೋ ಸಿಟಿ ಅದೇ ವರ್ಷ ಕನಿಷ್ಠವನ್ನು ಗರಿಷ್ಠಕ್ಕೆ ತಿರುಗಿಸಿತು. ಕ್ಯಾಲಿಫೋರ್ನಿಯಾದ 2022ರ ಕಾನೂನು ಮುಖ್ಯ ಸಾರಿಗೆ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ ಕಡ್ಡಾಯ ಬೇಡವೆಂದಿತು. ಮೆಟ್ರೋ ಕಂಬದ ನೆರಳಿನಲ್ಲೇ ಎರಡೆರಡು ಬೇಸ್‌ಮೆಂಟ್ ಅಗೆಯುವ ನಮಗೆ ಇದರಲ್ಲಿ ಕೇಳಿಸಿಕೊಳ್ಳುವುದಿದೆ.

ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ಒಬ್ಬ ತಾತನ ಇಸ್ತ್ರಿ ಗಾಡಿ ಇತ್ತು. ಎದುರು ಮನೆಯವರು ಎರಡನೆಯ ಕಾರು ಕೊಂಡ ಮೇಲೆ ಅದು ಮೋರಿಯ ಆಚೆ, ಬಿಸಿಲಿಗೆ ಸರಿದಿದೆ. ಬಟ್ಟೆ ಕೊಡಲು ಹೋದಾಗ ಈ ಪುಸ್ತಕದ ಕಥೆ ಹೇಳಿದೆ: ಅಲ್ಲಿ ರಸ್ತೆಯಲ್ಲಿ ನಿಲ್ಲಿಸಿದರೆ ಗಂಟೆಗೆ ಒಂದು ಡಾಲರ್ ಹಾಕಿದರಂತೆ, ಆ ದುಡ್ಡಲ್ಲಿ ಅದೇ ಬೀದಿ ಚೆನ್ನಾಗಿ ಮಾಡಿದರಂತೆ.

‘ನಮ್ಮ ದುಡ್ಡಲ್ಲಿ ಎಷ್ಟಮ್ಮ?’

‘ಹತ್ತಿರ ಹತ್ತಿರ ತೊಂಬತ್ತು, ತಾತ.’

ಅವರು ಕೆಂಡ ಕೆದಕುತ್ತಾ ಲೆಕ್ಕ ಹಾಕಿದರು. ‘ಒಂಬತ್ತು ಶರ್ಟು.’ ಆಮೇಲೆ ಪೆಟ್ಟಿಗೆಯನ್ನು ಕೆಳಗಿಟ್ಟು ಕೇಳಿದರು: ‘ಅದು ಕಾರಿಗೆ ತಾನೇ? ಈ ಗಾಡಿಗೂ ಹಾಕ್ತಾರಾ?’