ಪಾವ್ ಲೀಟರಿನ ವಾಟಿ

ಕೊಡ್ಲಿ, ಸೇಡಂ, ಚಿತ್ತಾಪುರದ ಕಡೆ 'ಪಾವ್ ಲೀಟರ್ ಹಾಲು ಕೊಡ್ರಿ' ಎಂದರೆ ಎಷ್ಟೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, 250 ಮಿಲಿ. 1956ರ ತೂಕ-ಅಳತೆ ಕಾನೂನಿನ ನಂತರ ಸೇರು, ಚಟಾಕು ಹಿಂದೆ ಸರಿದವು. ಪಾವ್ ಮಾತ್ರ ಲೀಟರಿನ ಬೆನ್ನು ಹತ್ತಿ ಉಳಿದುಕೊಂಡಿತು. ಅಡುಗೆ ಪುಸ್ತಕದ 'ಒಂದು ಕಪ್'ಗೂ ಇದೇ ನಮಗೆ ಸರಿಯಾದ ಆಸರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ ಕಪ್ಪಿಗೆ ಒಂದೇ ಊರಿಲ್ಲ. ಅಮೆರಿಕದ್ದು ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180; ಅದು ಜಪಾನಿನವರ ಹಳೆಯ ಅಕ್ಕಿ ಅಳತೆ. ಅರ್ಧ ಲೀಟರ್ ಹಾಲಿನ ಪಾಕೀಟು ಒಡೆದು ಅಮೆರಿಕದ ಕಪ್ಪಿಗೆ ಹೊಯ್ದರೆ ಎರಡು ತುಂಬಿ ಇನ್ನೂ ಎರಡು ದೊಡ್ಡ ಚಮಚದಷ್ಟು ಉಳಿಯುತ್ತದೆ. ಕುಕ್ಕರಿನ ಕಪ್ಪಿನಲ್ಲಿ ಅದೇ ಹಾಲು ಎರಡೂ ಮುಕ್ಕಾಲನ್ನು ದಾಟುತ್ತದೆ.

ಶಿರಾ ಮಾಡುವವರಿಗೆ ಇದರ ಗೊಡವೆಯಿಲ್ಲ. ರವೆ ಅಳೆದ ವಾಟಿಯಲ್ಲೇ ನೀರನ್ನೂ ಅಳೆದರಾಯಿತು, ವಾಟಿ ಯಾವುದಾದರೇನು. ಲೆಕ್ಕ ಕೆಡುವುದು ಎಣಿಸಿ ಹಾಕುವ ಪದಾರ್ಥ ಬಂದಾಗ. ಕಪ್ ಸಣ್ಣದೆಂದು ಮೊಟ್ಟೆ ಸಣ್ಣದಾಗುವುದಿಲ್ಲ. ಹಿಟ್ಟು, ಹಾಲು ಎರಡೂ ಕಮ್ಮಿ ಬಿದ್ದು ಕೇಕಿನಲ್ಲಿ ಮೊಟ್ಟೆಯದೇ ಕಾರುಬಾರಾಗುತ್ತದೆ. ಚೈನಾ ಗ್ರಾಸ್ ಪಾಕೀಟನ್ನು ಪೂರ್ತಿ ಹಾಕಿ ಹಾಲು ಕಡಿಮೆ ಮಾಡಿದರೆ ಚಾಕು ಇಳಿಯದಷ್ಟು ಗಟ್ಟಿ.

ಆದ್ದರಿಂದ ಮನೆಯಲ್ಲಿ ಒಂದು ಸ್ಟೀಲ್ ವಾಟಿಯನ್ನು ಗೊತ್ತು ಮಾಡಿಕೊಳ್ಳಿ. ಕಟ್ಟೆಯ ಶಹಾಬಾದ್ ಫರಸಿ ಮಟ್ಟವಾಗಿರುವ ಕಡೆ ತಕ್ಕಡಿ ಇಟ್ಟು, ಖಾಲಿ ವಾಟಿಯ ತೂಕವನ್ನು ಸೊನ್ನೆ ಮಾಡಿ, 250 ಗ್ರಾಂ ಬರುವವರೆಗೆ ನೀರು ಹೊಯ್ಯಿರಿ. ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ, ಅಲ್ಲೇ ಒಳಗೆ ಗೀರು ಎಳೆಯಿರಿ. ತಕ್ಕಡಿ ಇಲ್ಲದವರು ಅರ್ಧ ಲೀಟರ್ ಹಾಲನ್ನು ಒಂದೇ ಜೋಡಿಯ ಎರಡು ವಾಟಿಗಳಿಗೆ ಸಮನಾಗಿ ಹಂಚಿದರೂ ಗುರುತು ಸಿಗುತ್ತದೆ.

ತೂಗಿ ಅಳೆಯುವ ಈ ಉಪಾಯ ನೀರಿಗಷ್ಟೇ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 250 ಗ್ರಾಂ ಎಣ್ಣೆ ಎಂದರೆ 275 ಮಿಲಿ, ಗೀರು ದಾಟಿಬಿಡುತ್ತದೆ. ಜೇನು ಇದಕ್ಕೆ ತಿರುವುಮುರುವು, ಗೀರಿನವರೆಗೆ ತುಂಬಿದರೆ ತೂಕ 350 ಗ್ರಾಂ ಆಸುಪಾಸು.

ಅಮೆರಿಕದ ಪುಸ್ತಕ ನೋಡಿ ಮಾಡುವಾಗ ಗೀರಿನವರೆಗೆ ತುಂಬಿ ಒಂದು ದೊಡ್ಡ ಚಮಚ, ಅಂದರೆ 15 ಮಿಲಿ, ತೆಗೆಯಿರಿ. ಅರ್ಧ ಕಪ್ ಎಂದಿದ್ದರೆ ಅರ್ಧ ವಾಟಿಯಿಂದ ಒಂದು ಚಹಾ ಚಮಚ. 100 ಮಿಲಿ ಬೇಕಾದಾಗ ವಾಟಿಯ ಹಂಗೇ ಬೇಡ: ದೊಡ್ಡ ಚಮಚದಲ್ಲಿ ಆರು, ಚಹಾ ಚಮಚದಲ್ಲಿ ಎರಡು.